ಮುಳ್ಳಿಗೆ ಕೇಳಿಸಿದ ಹೆಜ್ಜೆ

ಥೋರ್ಕಿಲ್‌ನ ಮನೆಗೆ ಹೋದವರು ಬಾಗಿಲಲ್ಲೇ ಬೂಟು ಬಿಚ್ಚಬೇಕು. ಅದು ನಮ್ಮ ಫೋಬೋರ್ ಊರಿನ ಎಲ್ಲ ಮನೆಗಳ ರೂಢಿ. ಆದರೆ ಬರೀ ಕಾಲುಚೀಲದಲ್ಲೂ ಬೆಕ್ಕಿನಂತೆ ನಡೆಯಬೇಕೆಂಬುದು ಆ ಮನೆಯ ಸ್ವಂತ ಕಾನೂನು. ನೆಲ ಹಳೆಯ ಮರದ ಹಲಗೆಯದು. ಯಾರಾದರೂ ಜೋರಾಗಿ ಕಾಲಿಟ್ಟರೆ ಆ ಕಂಪನ ರೆಕಾರ್ಡ್ ಪ್ಲೇಯರ್ ಇಟ್ಟ ಕಪಾಟಿಗೇರಿ, ಅಲ್ಲಿಂದ ರೆಕಾರ್ಡಿನ ಮುಳ್ಳಿಗೆ ತಲುಪಿ, ಸ್ಪೀಕರಿನಲ್ಲಿ 'ಧಂ' ಎನ್ನುತ್ತಿತ್ತು.

"ಎಲ್ಸೆಬೆತ್, ಮೆಲ್ಲಗೆ," ಎಂದು ಅವನು ಕಣ್ಣು ತೆರೆಯದೆಯೇ ಹೇಳುತ್ತಿದ್ದ.

"ನಿನ್ನ ಮದುವೆ ಆದ್ನೋ, ಕಳ್ಳರ ಗುಂಪಿಗೆ ಸೇರಿದ್ನೋ, ಇನ್ನೂ ಗೊತ್ತಾಗಿಲ್ಲ," ಎನ್ನುತ್ತಿದ್ದಳು ಅವನ ಹೆಂಡತಿ.

ಥೋರ್ಕಿಲ್ ದ್ವೀಪಗಳಿಗೆ ಹೋಗುವ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದು ನಿವೃತ್ತನಾದವನು. ಆ ಗದ್ದಲದಲ್ಲಿ ಬದುಕು ಕಳೆದ ಕಿವಿ ಎಷ್ಟು ಚುರುಕಾಗಿರಬಹುದೆಂದು ನನಗೆ ಅನುಮಾನವಿತ್ತು. ಅವನಿಗೆ ಇರಲಿಲ್ಲ.

"ಡಿಜಿಟಲ್ ಸಂಗೀತ ಅಂದ್ರೆ ಹಾಲಿನ ಪುಡಿ ಕಣಯ್ಯಾ ಮೇಷ್ಟ್ರೇ. ನೀರು ಹಾಕಿದ್ರೆ ಹಾಲಾಗತ್ತೆ, ಹಸು ವಾಪಸ್ ಬರಲ್ಲ," ಎನ್ನುತ್ತಿದ್ದ ನನಗೆ.

ನಾನು ಶಾಲೆಯಲ್ಲಿ ಭೌತವಿಜ್ಞಾನ ಕಲಿಸಿದವನು, ಅವನ ಪಕ್ಕದ ಮನೆಯವನು. ಹಸುವನ್ನು ಅಳೆಯುವ ಉಪಕರಣ ನನ್ನಲ್ಲಿರಲಿಲ್ಲ.

ಮಾತು ಪಂದ್ಯಕ್ಕೆ ಬಂದದ್ದು ಎಲ್ಸೆಬೆತ್‌ಳ ಸೊಂಟದಿಂದ. ಚಳಿಗಾಲವೆಲ್ಲ ಕುಂಟಿದ ಅವಳಿಗೆ ವಸಂತದಲ್ಲಿ ಕೀಲು ಬದಲಿಸಿದರು. ನಡಿಗೆ ನೆಟ್ಟಗಾಯಿತು. ಆದರೂ ಮೆಟ್ಟಿಲಿನ ಮನೆ ಸಾಕೆಂದು ಬಂದರಿನ ಬಳಿ ಒಂದು ಚಿಕ್ಕ ಫ್ಲಾಟ್ ಹಿಡಿದರು. ಅಲ್ಲಿನ ಕೋಣೆಯಲ್ಲಿ ಉಳಿದದ್ದು ಒಂದೇ ಗೋಡೆ: ಅವನ ರೆಕಾರ್ಡಿನ ಕಪಾಟು ನಿಲ್ಲಬೇಕು, ಇಲ್ಲವೇ ಅವಳ ನೇಯ್ಗೆಯ ಮಗ್ಗ.

"ಮೇಷ್ಟ್ರು ನಿನ್ನ ರೆಕಾರ್ಡನ್ನೆಲ್ಲ ಕಂಪ್ಯೂಟರಿಗೆ ತುಂಬಿಸಿದಾರಲ್ಲ," ಎಂದಳು ಎಲ್ಸೆಬೆತ್. "ನೋಡದೆ ಬರೀ ಕೇಳಿ ಎರಡರ ವ್ಯತ್ಯಾಸ ನೀನು ಕಂಡುಹಿಡಿದ್ರೆ ಕಪಾಟು. ಇಲ್ಲಾಂದ್ರೆ ಮಗ್ಗ."

ಹೌದು, ಆ ಚಳಿಗಾಲದಲ್ಲಿ ಅವನ ಆಂಪ್ಲಿಫೈಯರಿಗೆ ತಂತಿ ಸಿಕ್ಕಿಸಿ, ರೆಕಾರ್ಡುಗಳನ್ನು ನುಡಿಸುತ್ತ ನಾನೇ ತುಂಬಿಸಿದ್ದೆ. ಹಾಗಾಗಿ ರೆಕಾರ್ಡಿನ ಚಿಟಪಟ ಸದ್ದೂ ಎರಡರಲ್ಲಿ ಒಂದೇ.

ಒಂದು ಭಾನುವಾರ ಮಧ್ಯಾಹ್ನ, ರೈ ಬ್ರೆಡ್ಡು, ಹೆರಿಂಗ್ ಮೀನಿನ ಊಟವಾದ ಮೇಲೆ, ಕಪಾಟಿನ ಮುಂದೆ ಹಾಸಿಗೆಯ ಚಾದರ ಕಟ್ಟಿದೆವು. ನಾನು ಅದರ ಹಿಂದೆ. ಎರಡರ ಸದ್ದಿನ ಮಟ್ಟವನ್ನೂ ಮೀಟರಿಟ್ಟು ಸರಿ ಮಾಡಿದ್ದೆ. ಗುಟ್ಟು ಬಯಲಾಗದಿರಲೆಂದು ಕಂಪ್ಯೂಟರಿನ ಸರದಿಯಲ್ಲೂ ರೆಕಾರ್ಡು ಸುತ್ತುತ್ತಲೇ ಇತ್ತು. ಯಾವುದನ್ನು ನುಡಿಸಬೇಕೆಂದು ನಾಣ್ಯ ಚಿಮ್ಮಿ ತೀರ್ಮಾನಿಸುತ್ತಿದ್ದೆ.

ಥೋರ್ಕಿಲ್‌ನ ಉತ್ತರಗಳಲ್ಲಿ ತಪ್ಪೆಷ್ಟೋ ಒಪ್ಪೂ ಅಷ್ಟೇ. ಕೊನೆಯ ಸುತ್ತೇ ನಿರ್ಣಾಯಕವೆಂದು ಎಲ್ಸೆಬೆತ್ ಘೋಷಿಸಿದಳು.

ದೊಡ್ಡ ಪಿಟೀಲಿನಂಥ ಚೆಲ್ಲೊದ ವಾದನ ಶುರುವಾಯಿತು. ಅರ್ಧಕ್ಕೆ ಬರುವಷ್ಟರಲ್ಲಿ ಸ್ಪೀಕರಿನಿಂದ ಧಂ, ಆಮೇಲೆ ಹಗುರಾಗಿ ಇನ್ನೊಂದು, ಮತ್ತೆ ಧಂ.

"ಎಲ್ಸೆಬೆತ್, ಮೆಲ್ಲಗೆ. ಮುಳ್ಳು ರೆಕಾರ್ಡಿನ ಮೇಲಿದೆ."

"ನಾನಿಲ್ಲೇ ಕೂತಿದೀನಲ್ಲೋ," ಎಂದಳು ಅವನ ಪಕ್ಕದಿಂದ.

ನಾನು ಚಾದರ ಸರಿಸಿದೆ. ಮುಳ್ಳು ಮೇಲೆತ್ತಿದಂತೆಯೇ ಇತ್ತು. ನುಡಿಯುತ್ತಿದ್ದದ್ದು ಕಂಪ್ಯೂಟರು. ಚಳಿಗಾಲದಲ್ಲಿ ತುಂಬಿಸುವಾಗ ಅವಳು ನಮಗೆ ಕಾಫಿ ತಂದಿದ್ದಳು. ಆಗಿನ ಕುಂಟು ಹೆಜ್ಜೆಗಳು ಚೆಲ್ಲೊದ ಜೊತೆ ಒಳಗೆ ಸೇರಿಹೋಗಿದ್ದವು. ನನಗದು ಗೊತ್ತೇ ಆಗಿರಲಿಲ್ಲ.

"ಈ ಹೆಜ್ಜೆ ಈಗ ಎಲ್ಲೂ ಇಲ್ಲ, ಆದ್ದರಿಂದ ಇದು ಕಂಪ್ಯೂಟರೇ ಅಂತ ನೀನು ವಾದಿಸಬಹುದಿತ್ತು," ಎಂದೆ.

"ಮುಳ್ಳು ಅಂತ ಬಾಯಿಬಿಟ್ಟಾಯ್ತಲ್ಲ ಮೇಷ್ಟ್ರೇ," ಎಂದ ಥೋರ್ಕಿಲ್. "ಮಗ್ಗ ಬರಲಿ. ಆದ್ರೆ ಆ ಹೆಜ್ಜೆ ಅಳಿಸಬೇಡ."

ರೆಕಾರ್ಡುಗಳು ಚರ್ಚಿನ ಹಳೆಸಾಮಾನಿನ ಅಂಗಡಿಗೆ ಹೋದವು. ಹೊಸ ಫ್ಲಾಟಿನದು ಕಾಂಕ್ರೀಟು ನೆಲ. ಅಲ್ಲಿ ಕುಣಿದರೂ ಏನೂ ಅದುರುವುದಿಲ್ಲ. ಮೊನ್ನೆ ಹೋದಾಗ ಎಲ್ಸೆಬೆತ್ ನೇಯುತ್ತಿದ್ದಳು, ಕಂಪ್ಯೂಟರಿನಲ್ಲಿ ಚೆಲ್ಲೊ ನುಡಿಯುತ್ತಿತ್ತು. ಆ ಹೆಜ್ಜೆಗಳ ಜಾಗ ಹತ್ತಿರವಾದಾಗ ಥೋರ್ಕಿಲ್ ಬೆರಳೆತ್ತಿದ. ಮಗ್ಗದ ಲಾಳಿ ನಿಂತಿತು. ಧಂ, ಹಗುರಾಗಿ ಒಂದು, ಮತ್ತೆ ಧಂ.

"ಕಾಫಿ ಬಂತು ನೋಡು," ಎಂದು ಎಲ್ಸೆಬೆತ್ ಮತ್ತೆ ಲಾಳಿ ಎಸೆದಳು.