ಎಂಟರ ಮೇಲೊಂದು ಕೊಸರು

ಮೊದಲೇ ಹೇಳಿಬಿಡುತ್ತೇನೆ, ಇಂಥದ್ದನ್ನೆಲ್ಲ ನಂಬುವ ಪೈಕಿ ನಾನಲ್ಲ. ಯಾರಾದರೂ "ನಮ್ಮ ದೊಡ್ಡಮ್ಮನಿಗೆ ಹಾಗೆ ಕಾಣಿಸಿತಂತೆ, ಪಕ್ಕದ ಮನೆಯವರಿಗೆ ಹೀಗೆ ಕೇಳಿಸಿತಂತೆ" ಎಂದು ಶುರು ಮಾಡಿದರೆ, ಅಂತೆ ಕಂತೆಗಳ ಸಂತೆ ಎಂದುಕೊಂಡು ಕಾಫಿ ಮಾಡುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ನನ್ನ ಕೆಲಸವೂ ಹಾಗೇ ಇತ್ತು ಅನ್ನಿ. ಮುಕಿಲ್ಟಿಯೊ ಎಂಬ ಊರಿನ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಲೋಹದ ತುಂಡುಗಳ ಮೇಲೆ ಭಾರ ಹೇರಿ, ಎಷ್ಟಕ್ಕೆ ಬಾಗಿತು, ಎಷ್ಟಕ್ಕೆ ಮುರಿಯಿತು, ಯಾಕೆ ಮುರಿಯಿತು ಎಂದು ಬರೆಯುವುದು. 'ಕಾರಣ' ಎಂಬ ಕಾಲಂ ಅನ್ನು ನಾನು ಒಂದು ದಿನವೂ ಖಾಲಿ ಬಿಟ್ಟವಳಲ್ಲ. ಅಂಥ ನನಗೇ ಇದು ಆಯಿತು. ನೀವು ನಕ್ಕರೂ ಬೇಸರವಿಲ್ಲ, ನಿಮ್ಮ ಜಾಗದಲ್ಲಿದ್ದರೆ ನಾನೂ ನಗುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾವು ಬಾಥೆಲ್‌ನ ನಾರ್ತ್ ಕ್ರೀಕ್ ಕಡೆ ಮನೆ ಮಾಡಿದ್ದೆವು. ಮಗಳು ನಿಧಿಗೆ ಹದಿನಾರು. ಹೈಸ್ಕೂಲಿನ ಚಿಯರ್‌ಲೀಡಿಂಗ್ ತಂಡ ಸೇರಿದ್ದಳು. ಮೊದಲು ನಾನು ಅದನ್ನು ಬಣ್ಣದ ಕುಚ್ಚು ಅಲ್ಲಾಡಿಸುವ ಕುಣಿತ ಎಂದೇ ತಿಳಿದಿದ್ದೆ. ಒಂದು ದಿನ ಪ್ರಾಕ್ಟೀಸ್ ನೋಡಿ ಎದೆ ಝಲ್ಲೆಂದಿತು. ಇಬ್ಬರು ಹುಡುಗಿಯರು ಒಬ್ಬಳ ಪಾದ ಹಿಡಿದು ತಲೆಗಿಂತ ಮೇಲೆ ಎತ್ತುತ್ತಾರೆ, ಹಿಂದಿನಿಂದ ಒಬ್ಬಳು ಆಸರೆಯಾಗಿ ನಿಲ್ಲುತ್ತಾಳೆ, ಮೇಲಿನವಳು ಒಂಟಿ ಕಾಲಲ್ಲಿ ನಿಂತು ನಗುತ್ತಾಳೆ. ಎಲ್ಲವೂ ಎಂಟರ ಎಣಿಕೆಯಲ್ಲಿ. ಎಂಟು ಮುಗಿಯುವವರೆಗೆ ಮೇಲೆ, ಮುಂದಿನ ಒಂದು, ಎರಡಕ್ಕೆ ಕೆಳಗೆ. ಕೆಳಗಿನ ಕೈಗಳು ಒಂದು ಗಳಿಗೆ ಮೊದಲು ಸಡಿಲಾದರೆ ಮೇಲಿನವಳ ಗತಿ ಗೋವಿಂದ.

ಮೇಲೆ ನಿಲ್ಲುವ ಹುಡುಗಿ ಕೇಲಿ. ಅವಳೂ ನಿಧಿಯೂ ಎರಡನೇ ಕ್ಲಾಸಿನಿಂದ ಗೆಳತಿಯರು. ನಮ್ಮನೆಯಲ್ಲಿ ಚಪಾತಿ ಸುತ್ತಿಕೊಂಡು ತಿಂದು ಬೆಳೆದ ಹುಡುಗಿ. ಆ ವರ್ಷ ಡಿಸೆಂಬರಿನ ಸ್ಪರ್ಧೆಗೆ ಮೇಲೆ ನಿಲ್ಲುವ ಜಾಗ ತನಗೆ ಸಿಗುತ್ತದೆ ಎಂದು ನಿಧಿ ಬೇಸಿಗೆಯೆಲ್ಲ ಕನಸು ಕಂಡಿದ್ದಳು. ಕೋಚ್ ಕೇಲಿಯ ಹೆಸರು ಹೇಳಿದರು. ಅಷ್ಟೇ ಆಗಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಸರಿಹೋಗುತ್ತಿತ್ತೇನೋ. ಆದರೆ ಎಲ್ಲರೆದುರು ಕೇಲಿ, "ನಿಧಿಯನ್ನು ಎತ್ತಬೇಕಾದರೆ ಕ್ರೇನ್ ತರಿಸಬೇಕು" ಎಂದು ತಮಾಷೆ ಮಾಡಿದಳು. ಎಲ್ಲರೂ ನಕ್ಕರಂತೆ. ಅವತ್ತಿನಿಂದ ಮಾತು ಬಂದ್. ಕೇಲಿ ನಮ್ಮನೆಗೆ ಬರುವುದೂ ನಿಂತಿತು. ಪ್ರಾಕ್ಟೀಸಿನಲ್ಲಿ ಮಾತ್ರ, ಮಾತಿಲ್ಲದೆಯೇ, ಕೇಲಿಯ ಎಡ ಪಾದ ನಿಧಿಯ ಕೈಯಲ್ಲಿ.

ಅದಾದ ತಿಂಗಳಿಗೆ ನಮ್ಮತ್ತೆ ಮದ್ದೂರಿನಿಂದ ಬಂದರು, ಆರು ತಿಂಗಳು ಇರಲು. ಅಲ್ಲಿ ಅವರದು ಕಡ್ಲೆಪುರಿ ಅಂಗಡಿ. ನಲವತ್ತು ವರ್ಷ ಸೇರಿನಲ್ಲಿ ಪುರಿ ಅಳೆದ ಕೈ. ಬಂದ ವಾರದಲ್ಲೇ ನಿಧಿಗೂ ಅವರಿಗೂ ಒಂದು ಆಟ ಶುರುವಾಯಿತು. ತೋಳು ಗಟ್ಟಿಯಾಗಲಿ, ಮನೆಯಲ್ಲಿ ಭಾರ ಎತ್ತಿ ಹಿಡಿಯಿರಿ ಎಂದು ಕೋಚ್ ಹೇಳಿದ್ದರು. ನಿಧಿ ಇಪ್ಪತ್ತು ಪೌಂಡಿನ ಸೋನಾ ಮಸೂರಿ ಚೀಲವನ್ನು ತಲೆಯ ಮೇಲೆ ಎತ್ತಿ ನಿಲ್ಲುತ್ತಿದ್ದಳು, ಅತ್ತೆ ಸೋಫಾದಲ್ಲಿ ಕಾಲು ಮಡಿಸಿ ಕೂತು ಎಣಿಸುತ್ತಿದ್ದರು. ಅಳೆಯುವವರು ಒಂದು ಅನ್ನುವುದಿಲ್ಲ, ಲಾಭ ಅನ್ನುತ್ತಾರೆ. "ಲಾಭ... ಎರಡು... ಮೂರು..." ಎಂದು ಎಂಟರವರೆಗೆ ಬಂದು, ಆಮೇಲೆ ರಾಗವಾಗಿ, "ಕೊ...ಸರು" ಎನ್ನುವರು. ಅಳತೆಯ ಮೇಲೆ ಹಾಕುವ ಇನ್ನೊಂದು ಹಿಡಿ.

"ಅಜ್ಜೀ, ನೋ! ಎಂಟು ಆಯ್ತು! ಓನ್ಲಿ ಎಂಟು!" ಎಂದು ನಿಧಿ ಚೀಲದ ಕೆಳಗಿನಿಂದ ಕಿರುಚುವಳು.

"ಎಂಟು ಸೇರು ಅಂದ್ರೆ ಎಂಟಕ್ಕೇ ಕೈ ಎತ್ತಿಬುಡದಾ? ಕೊಸರು ಇಲ್ದಿದ್ರೆ ಗಿರಾಕಿ ನಾಳಿಕೆ ಬಂದಾನಾ? ಹಿಡ್ಕೊ ಕನವ್ವ, ವಸಿ ಹಿಡ್ಕೊ" ಎಂದು ಇವರು.

ನಿಧಿ ನಗುತ್ತ, ಬೈಯುತ್ತ, ಕೈ ನಡುಗಿಸುತ್ತ ಆ ಕೊಸರಿನವರೆಗೂ ಹಿಡಿದೇ ಇಳಿಸುತ್ತಿದ್ದಳು. ಆ ದಿನಗಳಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದು ಅಷ್ಟು ಹೊತ್ತು ಮಾತ್ರ.

ಮಿಕ್ಕ ಹೊತ್ತೆಲ್ಲ ಅವಳ ಕೈಯಲ್ಲಿ ಒಂದು ಪುಸ್ತಕ. ಲೈಬ್ರರಿಯಿಂದ ತಂದದ್ದು, ಆ ವಯಸ್ಸಿನವರಿಗೆಂದೇ ಬರೆದ ದೆವ್ವದ ಕಾದಂಬರಿ. ಅದೂ ಚಿಯರ್‌ಲೀಡಿಂಗ್ ತಂಡದ್ದೇ ಕಥೆ. ಹಿಂದೆ ಸತ್ತ ಹುಡುಗಿಯೊಬ್ಬಳ ದನಿ ಖಾಲಿ ಜಿಮ್‌ನಲ್ಲಿ ಎಂಟರವರೆಗೆ ಎಣಿಸುತ್ತದೆ, ಎಂಟಕ್ಕೆ ಮೇಲಿನವಳು ಬೀಳುತ್ತಾಳೆ. "ಬೇರೆ ಓದೋಕೆ ಏನೂ ಸಿಗಲಿಲ್ವಾ?" ಎಂದರೆ, "ಇಟ್ಸ್ ಜಸ್ಟ್ ಎ ಬುಕ್, ಅಮ್ಮಾ" ಎಂದು ರೂಮಿನ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಒಂದು ಸಲ ಓದಿ ಮುಗಿಸಿ, ಮತ್ತೆ ಮೊದಲಿನಿಂದ ಹಿಡಿದಿದ್ದಳು.

ನವೆಂಬರಿನ ಒಂದು ಸಂಜೆ. ಸಂಜೆ ಎಂದರೂ ಅಲ್ಲಿ ಐದಕ್ಕೆಲ್ಲ ಕತ್ತಲು, ಜೊತೆಗೆ ನಿಲ್ಲದ ಜಿನುಗು ಮಳೆ. ಕೆಲಸ ಮುಗಿಸಿ ಅವಳನ್ನು ಕರೆದುಕೊಂಡು ಹೋಗಲು ಸ್ಕೂಲಿನ ಪಾರ್ಕಿಂಗ್‌ನಲ್ಲಿ ಕಾಯುತ್ತಿದ್ದೆ. ಪಕ್ಕದ ಸೀಟಿನಲ್ಲಿ ಅವಳು ಬೆಳಿಗ್ಗೆ ಮರೆತುಹೋದ ಆ ಪುಸ್ತಕ ಬಿದ್ದಿತ್ತು. ಒಳದೀಪ ಹಾಕಿ ಹಾಗೇ ತಿರುವಿದೆ. ಕೊನೆಯ ಭಾಗ ತಾನಾಗಿ ತೆರೆದುಕೊಂಡಿತು. ಅಲ್ಲಿ ಗುಟ್ಟು ಬಯಲಾಗುತ್ತದೆ, ದೆವ್ವವೂ ಇಲ್ಲ, ಗಿವ್ವವೂ ಇಲ್ಲ. ಕೆಳಗೆ ಪಾದ ಹಿಡಿದ ಹುಡುಗಿಯೇ ಎಂಟಕ್ಕೆ ಸರಿಯಾಗಿ ಕೈ ಸಡಿಲ ಬಿಡುತ್ತಿರುತ್ತಾಳೆ. ತಪ್ಪು ಯಾವಾಗಲೂ ಮೇಲಿನವಳದೇ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ ಎಂದು ಅವಳು ಹೇಳುವ ಮಾತಿನ ಕೆಳಗೆ ಪೆನ್ಸಿಲಿನ ಗೆರೆ ಇತ್ತು. ಅಂಚಿನಲ್ಲಿ, ನನ್ನ ಮಗಳ ದುಂಡನೆಯ ಅಕ್ಷರದಲ್ಲಿ, ಕೇಲಿಯ ಹೆಸರಿನ ಮೊದಲ ಅಕ್ಷರ. ಪಕ್ಕದಲ್ಲಿ ಅವತ್ತಿನ ವಾರದ ಹೆಸರು.

ಪರರ ಮಗಳು ಬಿದ್ದಾಳು ಎನ್ನುವ ಭಯ ಒಂದು ಕಡೆ, ಹಾಗೆ ಬೀಳಿಸುವವಳು ನಾನು ಹೆತ್ತ ಮಗಳೇ ಆದಾಳು ಎನ್ನುವ ಭಯ ಇನ್ನೊಂದು ಕಡೆ. ನಿಜ ಹೇಳುತ್ತೇನೆ, ಎರಡನೆಯದೇ ಹೆಚ್ಚಾಗಿತ್ತು. ಛತ್ರಿಯನ್ನೂ ತೆಗೆದುಕೊಳ್ಳದೆ ಓಡಿದೆ.

ಜಿಮ್ ಬಾಗಿಲು ತಳ್ಳುವಷ್ಟರಲ್ಲಿ ಕೇಲಿ ಆಗಲೇ ಮೇಲಿದ್ದಳು. ತಂಡವೆಲ್ಲ ಒಕ್ಕೊರಲಿನಿಂದ ಇಂಗ್ಲಿಷಿನಲ್ಲಿ ಎಣಿಸುತ್ತಿತ್ತು. ಐದು, ಆರು. ನಾನು ಬಾಯಿ ತೆರೆದೆ, ದನಿ ಹೊರಡಲಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ನನ್ನ ಗಂಟಲಿನಿಂದ ಒಂದಕ್ಷರವೂ ಬರಲಿಲ್ಲ. ಏಳಕ್ಕೆ ನಿಧಿಯ ಮೊಣಕೈ ಸಡಿಲವಾಗುತ್ತಿರುವುದು ಕಂಡಿತು. ಇಪ್ಪತ್ತು ವರ್ಷ ಭಾರ ಹೊತ್ತ ವಸ್ತುಗಳನ್ನು ನೋಡಿದ ಕಣ್ಣು ನನ್ನದು. ಸೋತು ಬಾಗುವುದು ಬೇರೆ, ಬೇಕೆಂದೇ ಬಿಡುವುದು ಬೇರೆ. ಎಂಟು ಎಂದರು. ಮೊಣಕೈ ಮಡಿಯಿತು. ಮೇಲೆ ಕೇಲಿಯ ನಗು ಹಾಗೇ ಅಂಟಿಕೊಂಡಿತ್ತು, ಆದರೆ ಕಣ್ಣು ಮಾತ್ರ ಗಕ್ಕನೆ ಕೆಳಗೆ ಹೊರಳಿತು.

ಆಗ ಕೇಳಿಸಿತು.

"ಕೊ...ಸರು."

ಅದೇ ರಾಗ, ಅದೇ ವಯಸ್ಸಾದ ಒಡಕು ದನಿ, ಸೇರಿನ ಮೇಲೆ ಇನ್ನೊಂದು ಹಿಡಿ ಹಾಕುವಾಗಿನ ಅದೇ ಸಾವಧಾನ. ಪಕ್ಕದಲ್ಲಿ ಕೂತವರು ಹೇಳಿದಷ್ಟು ಹತ್ತಿರ. ನಿಧಿಯ ಎರಡೂ ಕೈಗಳು ಅಕ್ಕಿ ಚೀಲ ಎತ್ತಿದ ಹಾಗೆ ಸೆಟೆದು ನೇರ ಮೇಲೆ ಹೋದವು. ಕೇಲಿ ತೂಗಿ ನಿಂತಳು. ಒಂದು, ಎರಡು, ಕೆಳಗೆ. ಕೋಚ್ ಚಪ್ಪಾಳೆ ತಟ್ಟಿ, ಇವತ್ತಿಗೆ ಸಾಕು ಎಂದರು. ಯಾರಿಗೂ ಏನೂ ಆಗಿರಲಿಲ್ಲ, ಯಾರೂ ಏನೂ ನೋಡಿದ ಹಾಗೂ ಇರಲಿಲ್ಲ. ನಾನು ಮಾತ್ರ ಸುತ್ತಲೂ ಅತ್ತೆಯವರನ್ನು ಹುಡುಕಿದೆ. ಹುಡುಕಿದೆ ಎಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಹತ್ತು ಮೈಲಿ ದೂರದ ಮನೆಯಲ್ಲಿದ್ದರು ಅವರು.

ಹೊರಗೆ ಬಂದರೆ ಕೇಲಿ ಮಾಡಿನ ಕೆಳಗೆ ಒಬ್ಬಳೇ ನಿಂತಿದ್ದಳು. ಅವಳಮ್ಮ 405 ಹೆದ್ದಾರಿಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದರಂತೆ. "ಕಾರು ಹತ್ತು, ನಮ್ಮನೇಲಿ ಕಾಯುವೆಯಂತೆ, ಅಮ್ಮನಿಗೆ ಕಾಲ್ ಮಾಡು" ಎಂದು ಹೆಚ್ಚುಕಮ್ಮಿ ಗದರಿಸಿಯೇ ಹತ್ತಿಸಿಕೊಂಡೆ. ಇಂಗ್ಲಿಷಿನಲ್ಲೇ ಅಂದೆ, ಆದರೆ ಗದರಿಕೆ ನಮ್ಮೂರಿನದೇ. ಮನೆವರೆಗೂ ನಿಧಿ ಕಿಟಕಿಗೆ ಹಣೆ ಒತ್ತಿಕೊಂಡು ಕೂತಿದ್ದಳು. ಪುಸ್ತಕ ನನ್ನ ಸೀಟಿನ ಕೆಳಗಿತ್ತು.

ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿಟ್ಟುಕೊಂಡು ಚುರುಮುರಿಗೆ ಸಿದ್ಧ ಮಾಡಿದ್ದರು. ಕೇಲಿಯನ್ನು ಅವರು ನೋಡಿದ್ದು ಅದೇ ಮೊದಲು, ಅವಳು ಅವರನ್ನು ನೋಡಿದ್ದೂ ಅದೇ ಮೊದಲು. "ಯಾರ್ ಮಗೀನೋ ಕಾಣೆ, ಪಾಪ, ಮಳೇಲಿ ನೆನೆದದೆ. ಕೂತ್ಕೊ ಬಾ ತಾಯಿ" ಎಂದು ಕೈ ಹಿಡಿದು ಕೂರಿಸಿದರು. ದೊಡ್ಡ ಪಾತ್ರೆ ಎಳೆದುಕೊಂಡು, ಸ್ಟೀಲ್ ಚೊಂಬಿನಲ್ಲಿ ಪುರಿ ಅಳೆಯತೊಡಗಿದರು.

"ಲಾಭ... ಎರಡು... ಮೂರು... ನಾಕು... ಕೊ...ಸರು."

ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಿದ್ದ ಕೇಲಿಯ ಕೈ ನಿಂತುಹೋಯಿತು. ಅತ್ತೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದಳು, "ಈ ಅಜ್ಜಿ ಜಿಮ್‌ಗೆ ಬಂದಿದ್ದರಲ್ಲವಾ? ನನ್ನನ್ನು ಹಿಡಿದುಕೋ ಎಂದು ನಿಧಿಗೆ ಹೇಳಿದವರು ಇವರೇ ಅಲ್ಲವಾ?"

ಅವಳಿಗೆ ಆ ಪದದ ಅರ್ಥ ಗೊತ್ತಿಲ್ಲ. ನಮ್ಮನೆಯ ಆ ಆಟ ಶುರುವಾಗುವ ಮೊದಲೇ ಅವಳು ಬರುವುದು ನಿಲ್ಲಿಸಿದ್ದಳು. ನಿಧಿ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಬಿಡಬೇಕು ಅಂತಲೇ ಹೋಗಿದ್ದೆ ಎಂದಳು. ಕೈ ಬಿಟ್ಟೇಬಿಟ್ಟಿದ್ದೆ, ಅಜ್ಜಿ ಕೊಸರು ಅಂದರು, ಕೈ ತಾನಾಗಿ ಹಿಡಿಯಿತು ಎಂದಳು.

"ಗೊತ್ತು. ನಿನ್ನ ಕೈ ಹೋದದ್ದು ನನ್ನ ಪಾದಕ್ಕೆ ಗೊತ್ತಾಯಿತು" ಎಂದಳು ಕೇಲಿ. ಟವೆಲನ್ನು ಮಡಿಚಿ ಪಕ್ಕಕ್ಕಿಟ್ಟು, "ವಾಪಸ್ ಬಂದದ್ದೂ ಗೊತ್ತಾಯಿತು" ಎಂದಳು. ಕ್ರೇನಿನ ಮಾತಿಗೆ ಕ್ಷಮೆ ಕೇಳಿದಳು. ಅವಳೂ ಅತ್ತಳು.

ಅತ್ತೆಗೆ ಇಂಗ್ಲಿಷ್ ತಿಳಿಯದು. ಒಗ್ಗರಣೆ ಸೌಟು ಹಿಡಿದುಕೊಂಡು ಇಬ್ಬರನ್ನೂ ಗಾಬರಿಯಿಂದ ನೋಡಿದರು. "ಯಾಕವ್ವ ಹಿಂಗ್ ಅಳ್ತಾವೆ ಮಕ್ಕಳು? ಈರುಳ್ಳಿ ಘಾಟಾ?"

"ಹೂಂ ಅತ್ತೆ, ಈರುಳ್ಳಿನೇ" ಎಂದೆ. ನನ್ನ ಕಣ್ಣಲ್ಲೂ ನೀರಿತ್ತು.

ಆ ರಾತ್ರಿ ಪುಸ್ತಕವನ್ನು ಅವಳ ಕೈಗಿಟ್ಟೆ, ನಿಧಿ ಪೆನ್ಸಿಲ್ ಗೆರೆಯನ್ನು ರಬ್ಬರಿನಿಂದ ಉಜ್ಜಿ ಉಜ್ಜಿ ಅಳಿಸಿದಳು. ಮರುದಿನ ಇಬ್ಬರೂ ಸೇರಿಯೇ ಪುಸ್ತಕವನ್ನು ಲೈಬ್ರರಿಗೆ ಹಾಕಿ ಬಂದರು. ಡಿಸೆಂಬರಿನ ಸ್ಪರ್ಧೆಯಲ್ಲಿ ಕೇಲಿ ಮೇಲೆ, ನಿಧಿ ಕೆಳಗೆ. ಬಹುಮಾನ ಬರಲಿಲ್ಲ, ಯಾರೂ ಬೀಳಲೂ ಇಲ್ಲ. ಕೇಲಿ ಇವತ್ತಿಗೂ ನಮ್ಮನೆಗೆ ಬಂದರೆ ನನ್ನನ್ನು ಕೇಳದೆ ಫ್ರಿಜ್ ತೆಗೆಯುತ್ತಾಳೆ. ಆ ಸಂಜೆಯನ್ನು ನೆನೆದರೆ ನನಗೆ ಭಯ ಎನ್ನುವುದಕ್ಕಿಂತ ಒಂದು ಬಗೆಯ ನೆಮ್ಮದಿಯೇ ಆಗುತ್ತದೆ.

ಹಾಗಂತ ಯೋಚಿಸದೆ ಬಿಟ್ಟಿಲ್ಲ. ದಿನಾ ಕೇಳಿ ಕೇಳಿ ನಿಧಿಯ ಕಿವಿಯಲ್ಲಿ ಅದು ಕೂತಿರಬಹುದು, ನನ್ನ ಕಿವಿಯಲ್ಲೂ ಕೂತಿರಬಹುದು. ಅಲ್ಲಿಗೆ ಇಬ್ಬರ ಲೆಕ್ಕ ಸರಿಹೋಯಿತು. ಕೇಲಿಯ ಲೆಕ್ಕಕ್ಕೆ ಬಂದಾಗ ನನ್ನ ಬುದ್ಧಿ ನಿಲ್ಲುತ್ತದೆ. ಹೆದರಿದ ಹುಡುಗಿಗೆ ಹಾಗೆ ಅನ್ನಿಸಿರಬಹುದು ಎಂದು ಬರೆದುಬಿಡಬಹುದು. ಆದರೆ ಕೊಸರು ಎಂದದ್ದು ಕೇಳಿ ಟವೆಲಿನ ಮೇಲೆ ನಿಂತುಹೋದ ಅವಳ ಕೈಯನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅತ್ತೆಯನ್ನು ಒಮ್ಮೆ ಕೇಳಿಯೂ ಕೇಳಿದೆ. ಎಲ್ಲವನ್ನೂ ಹೇಳಲಿಲ್ಲ. ಮೊಮ್ಮಗಳು ಹಾಗೆ ಮಾಡಹೊರಟಿದ್ದಳು ಎಂದು ಯಾವ ಬಾಯಲ್ಲಿ ಹೇಳಲಿ? "ಅತ್ತೆ, ಅವತ್ತು ಸಂಜೆ ಐದು ಗಂಟೇಲಿ ನೀವು ಸ್ಕೂಲಿನ ಹತ್ರ ಏನಾದ್ರೂ ಬಂದಿದ್ರಾ?" ಎಂದೆ.

ಅವರು ಬಟ್ಟೆ ಮಡಿಸುವುದನ್ನು ನಿಲ್ಲಿಸಿ, ಈ ಸೊಸೆಗೆ ತಲೆ ಕೆಟ್ಟಿತೇ ಎಂಬಂತೆ ನೋಡಿದರು. "ನಂಗೇನ್ ಕಾರ್ ಓಡ್ಸಕ್ ಬತ್ತದಾ?" ಎಂದರು. ಆಮೇಲೆ ನಿಧಿಯ ಅಂಗಿಯೊಂದನ್ನು ಕೊಡವಿ ಮಡಿಸುತ್ತ, "ಆ ಮಗೀಗ್ ತೋಳಲ್ಲಿ ಶಕ್ತಿ ಅದೆ ಕನವ್ವ. ವಸಿ ಕೊಸರು ಅಂದ್ರೆ ಸಾಕು, ಹಿಡ್ಕತಳೆ" ಎಂದರು.