ಚಿಕ್ಕಮ್ಮ ಖಾಲಿ ಮಾಡಿದ ಬುಟ್ಟಿ

ಬೆಳಗಿನ ಐದೂಕಾಲು. ಬೇಕರಿಯ ಹಿಂದಿನ ಕೋಣೆಯಲ್ಲಿ ಒಲೆ ಆಗಲೇ ಕಾದಿದೆ. ಉದ್ದನೆಯ ಮೇಜಿನ ಮುಂದೆ ನಿಂತ ಎಲ್ಲರೂ ಚಿಕ್ಕಮ್ಮ ಎನ್ನುವ ಐವತ್ತೆರಡು ವರ್ಷದ ಹೆಂಗಸೊಬ್ಬರು ಮೊಣಕೈವರೆಗೂ ಹಿಟ್ಟು ಮೆತ್ತಿಕೊಂಡು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದಾರೆ. ಪಕ್ಕದ ಡಬ್ಬದ ಮೇಲೆ ಅವರ ಫೋನು. ಅದರ ಸ್ಪೀಕರಿನಲ್ಲಿ ಅವರ ಸೋದರಮಾವ, ನಿವೃತ್ತ ಅಂಚೆಯಣ್ಣ, ಊರಿಗೆಲ್ಲ ಕೇಳಿಸುವಂತೆ ಕೂಗುತ್ತಿದ್ದಾರೆ.

"ಕಂಪ್ಯೂಟರ್ ತಲೆಕೆಳಗಾಗಿದೆ ಕಣಮ್ಮಾ! ಅಕ್ಷರ ಎಲ್ಲಾ ಕಾಲು ಮೇಲೆ ಮಾಡ್ಕೊಂಡು ನಿಂತಿವೆ."

"ಕೊನೆಗೆ ಏನು ಒತ್ತಿದ್ರಿ ಮಾವ?"

"ನಾನೇನೂ ಮಾಡಿಲ್ಲ."

ಚಿಕ್ಕಮ್ಮ ಕಣ್ಣು ಮುಚ್ಚುತ್ತಾರೆ. ಕೈ ನಾದುತ್ತಲೇ ಇದೆ. ಕಂಟ್ರೋಲ್ ಅಂತ ಬರೆದಿರುವ ಗುಂಡಿ ಎಲ್ಲಿದೆ, ಆಲ್ಟ್ ಎಲ್ಲಿದೆ, ಮೇಲೆ ನೋಡುವ ಬಾಣ ಎಲ್ಲಿದೆ ಎಂದು ಒಂದೊಂದಾಗಿ ಹೇಳಿ ಮೂರನ್ನೂ ಒಟ್ಟಿಗೆ ಒತ್ತಿಸುತ್ತಾರೆ. ಆ ಕಡೆಯಿಂದ ಇನ್ನೂ ಜೋರಾದ ಕೂಗು: "ಅಯ್ಯೋ, ಈಗ ಬೇರೆ ಥರ ತಲೆಕೆಳಗಾಯ್ತು!" ಚಿಕ್ಕಮ್ಮನ ಕೈ ಗಕ್ಕನೆ ನಿಲ್ಲುತ್ತದೆ. "ಮಾವ, ಮಾನಿಟರನ್ನೇ ಏನಾದ್ರೂ ತಿರುಗಿಸಿ ಇಟ್ಟಿದ್ದೀರಾ?" ಆ ಕಡೆಯಿಂದ ಉತ್ತರ: "ಎರಡು ದಿನದಿಂದ ತಲೆಕೆಳಗು ಮಾಡಿ ದಿಂಬಿಗೆ ಒರಗಿಸಿ ಇಟ್ಟಿದ್ದೀನಿ. ಪೇಪರ್ ಓದಬೇಕಲ್ಲಮ್ಮ!"

ಬೇಕರಿಯವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಚಿಕ್ಕಮ್ಮ ಮಾತ್ರ ನಗುವುದಿಲ್ಲ. ನಕ್ಕರೆ ಮುಂದಿನ ಸಲ ಮಾವ ಫೋನ್ ಮಾಡುವುದಿಲ್ಲ, ಸುತ್ತಿಗೆ ಹಿಡಿಯುತ್ತಾರೆ ಎಂಬುದು ಅವರ ಅನುಭವ.

ಚಿಕ್ಕಮ್ಮ ಎನ್ನುವುದು ಅಕ್ಕನ ಮಕ್ಕಳು ಕರೆದ ಹೆಸರು. ಈಗ ಹದಿನೇಳು ಮನೆಗಳ ನೆಂಟರಿಷ್ಟರಿಗೆಲ್ಲ ಅವರು ಚಿಕ್ಕಮ್ಮನೇ, ಅವರಿಗಿಂತ ಹದಿನಾಲ್ಕು ವರ್ಷ ದೊಡ್ಡವರಾದ ಭಾವನಿಗೂ. ಆ ಹದಿನೇಳು ಮನೆಗಳಲ್ಲಿ ಮೂವತ್ತೊಂದು ಕಂಪ್ಯೂಟರುಗಳಿವೆ. ದಿನಕ್ಕೆ ನಾಲ್ಕೈದು ಕರೆ, ಸೋಮವಾರ ಹತ್ತು. ಭಾನುವಾರ ಬಿಡುವಾಗಿರುವ ಜನ ಏನಾದರೊಂದು ಒತ್ತಿರುತ್ತಾರೆ. ಮುಂಜಾನೆ ನಾಲ್ಕರಿಂದ ಮಧ್ಯಾಹ್ನದವರೆಗೆ ಆರುನೂರು ಬನ್ನು, ಇನ್ನೂರು ಬ್ರೆಡ್ಡಿನ ಕೆಲಸ ಮುಗಿಸುವುದರ ನಡುವೆಯೇ ಈ ಕರೆಗಳಿಗೂ ಉತ್ತರ ಕೊಡಬೇಕು. ಮಂಡಿ ನೋವು ಇಪ್ಪತ್ತಾರು ವರ್ಷ ನಿಂತು ಮಾಡಿದ ಕೆಲಸದ ಗಳಿಕೆ.

ಓದಿದ್ದು ಹತ್ತನೇ ತರಗತಿ. ಕಂಪ್ಯೂಟರ್ ಕಲಿಸಿದ ಗುರು ಬೇಕರಿಯ ಬಿಲ್ಲಿನ ಯಂತ್ರ. ಅದು ವಾರಕ್ಕೆರಡು ಸಲ ಕೆಡುತ್ತಿತ್ತು, ರಿಪೇರಿಯವನು ಬಂದು ಬಿಚ್ಚುತ್ತಿದ್ದ, ಇವರು ಹಿಟ್ಟು ಹುದುಗು ಬರುವವರೆಗೆ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ಒಂದು ದಿನ ಅವನು ಬರುವ ಮೊದಲೇ ಸರಿಮಾಡಿದರು. "ಅವತ್ತಿಂದ ಅವನಿಗೆ ನನ್ನ ಕಂಡ್ರೆ ಆಗ್ತಿರಲಿಲ್ಲ" ಎನ್ನುತ್ತಾರೆ.

ಕೈಯಲ್ಲಿ ಸದಾ ಹಿಟ್ಟು ಇರುವುದರಿಂದ ಕೀಬೋರ್ಡ್ ಮುಟ್ಟುವಂತಿಲ್ಲ. ಹಾಗಾಗಿ ಬಾಯಲ್ಲೇ ರಿಪೇರಿ ಮಾಡುವುದು ಅಭ್ಯಾಸವಾಯಿತು. ನೆಂಟರ ಮನೆಗೆ ಹೋದರೂ ಅದೇ ರೂಢಿ: ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ, ಕೆಡಿಸಿದವರ ಕೈಯಿಂದಲೇ ಸರಿಮಾಡಿಸುತ್ತಾರೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕು. ನನ್ನ ಲ್ಯಾಪ್‌ಟಾಪು ಅವರ ಬಗ್ಗೆ ಬರೆಯಲು ನಡೆಸುತ್ತಿದ್ದ ಸಂದರ್ಶನದ ನಡುವೆ ಮುನಿಸಿಕೊಂಡಾಗ ಅವರು ಕೇಳಿದ್ದು ಅದೇ ಪ್ರಶ್ನೆ, ಕೊನೆಗೆ ಏನು ಒತ್ತಿದ್ರಿ ಎಂದು, ನನ್ನ ಬಾಯಿಂದ ಬಂದದ್ದೂ ಅದೇ ಉತ್ತರ: ನಾನೇನೂ ಮಾಡಿಲ್ಲ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು.

ಇಷ್ಟು ಮಾಡಿದರೂ ಹಿತ್ತಲ ಗಿಡ ಮದ್ದಲ್ಲ. ಅಂಗಡಿಯಲ್ಲಿ ರಿಪೇರಿ ಮಾಡಿದ ಹುಡುಗನನ್ನು ಹೊಗಳುವ ನೆಂಟರು ಇವರಿಗೆ "ಆಯ್ತು, ಇಡ್ತೀನಿ" ಎಂದು ಫೋನ್ ಇಡುತ್ತಾರೆ. ಬಂಧುಗಳ ಮನೆಯಲ್ಲಿ ಊಟಕ್ಕೆ ಕರೆದರೆ ತಟ್ಟೆಯ ಮುಂದೆ ಮೊದಲು ಲ್ಯಾಪ್‌ಟಾಪ್ ಬರುತ್ತದೆ. ಅದನ್ನು ಹೇಳುವಾಗಲೂ ಅವರ ದನಿಯಲ್ಲಿ ದೂರಿಲ್ಲ. ನನಗಿತ್ತು.

ದೂರು ಇರುವುದು ತಮ್ಮ ಮೇಲೆಯೇ. ಎಂಟು ತಿಂಗಳ ಹಿಂದಿನ ಆ ಒಂದು ಭಾನುವಾರದ ಬಗ್ಗೆ ಕೇಳಿದಾಗ ಅವರು ಕೈ ತೊಳೆದು ಬಂದು ಕೂರುತ್ತಾರೆ.

ಅವರ ಭಾವ, ಎಂದರೆ ಅಕ್ಕನ ಗಂಡ, ನಲವತ್ತು ವರ್ಷ ಪುಸ್ತಕಗಳಿಗೆ ಬೈಂಡಿಂಗ್ ಮಾಡಿದವರು. ಹರಿದ ಪುಸ್ತಕವನ್ನು ಹೇಗೆ ಬಿಚ್ಚಬೇಕು, ಯಾವ ಕಾಗದಕ್ಕೆ ಯಾವ ಅಂಟು, ಹಾಳೆಗಳೆಲ್ಲ ಸೇರುವ ಬೆನ್ನು ಹೇಗೆ ಹೊಲಿಯಬೇಕು ಎಲ್ಲವೂ ಅವರ ಬೆರಳಲ್ಲಿತ್ತು. ಆಮೇಲೆ ಕೈ ನಡುಗಲು ಶುರುವಾಯಿತು. ಸೂಜಿ ಮೊದಲಿನಂತೆ ನಿಲ್ಲದಾಯಿತು. ಗೊತ್ತಿರುವುದನ್ನೆಲ್ಲ ಬರೆದಿಡುತ್ತೇನೆಂದು ಕಂಪ್ಯೂಟರಿನ ಮುಂದೆ ಕೂತರು. ನಡುಗುವ ಎರಡು ಬೆರಳಿನಲ್ಲಿ, ಒಂದಕ್ಷರಕ್ಕೆ ಮೂರು ಸಲ ತಪ್ಪುತ್ತ, ಮೂರು ವರ್ಷದಲ್ಲಿ ಇಪ್ಪತ್ಮೂರು ಅಧ್ಯಾಯ.

ಆ ಭಾನುವಾರ ಅಕ್ಕ, "ಕಂಪ್ಯೂಟರ್ ತುಂಬಾ ನಿಧಾನ ಆಗಿದೆ, ಒಂಚೂರು ನೋಡೇ" ಎಂದರು. ಭಾವ ವಾಕಿಂಗ್ ಹೋಗಿದ್ದರು. ಬೇಗ ಹೊರಡಬೇಕಿದ್ದ ಚಿಕ್ಕಮ್ಮ ಅಪರೂಪಕ್ಕೆ ತಾವೇ ಮೌಸ್ ಹಿಡಿದರು. ಎಲ್ಲರ ಮನೆಯಲ್ಲೂ ಮಾಡುವ ಹಾಗೆ ಬೇಡದ್ದನ್ನೆಲ್ಲ ತೆಗೆದರು, ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ಖಾಲಿ ಮಾಡಿ ಮನೆಗೆ ಹೋದರು.

ಮರುದಿನ ಮುಂಜಾನೆ ಬೇಕರಿಗೆ ಅಕ್ಕನ ಫೋನು. "ನಿಮ್ಮ ಭಾವ ಬುಟ್ಟಿ ಖಾಲಿ, ಬುಟ್ಟಿ ಖಾಲಿ ಅಂತಿದ್ದಾರೆ. ಏನು ಬುಟ್ಟಿನೋ ನಂಗೊಂದೂ ತಿಳೀತಿಲ್ಲ."

ಬೈಂಡಿಂಗ್ ಮಾಡುವವರ ಕಾಲ ಬಳಿ ಒಂದು ಬುಟ್ಟಿ ಇರುತ್ತದೆ. ಅರ್ಧ ಹೊಲಿದ ಪುಸ್ತಕಗಳನ್ನು ಸಂಜೆ ಅದರಲ್ಲಿಟ್ಟು ಬೆಳಿಗ್ಗೆ ತೆಗೆಯುತ್ತಾರೆ. ಕಂಪ್ಯೂಟರಿನಲ್ಲೂ ಒಂದು ಬುಟ್ಟಿ ಕಂಡಿತು. ಭಾವ ದಿನಾ ಸಂಜೆ ಅಧ್ಯಾಯಗಳನ್ನು ಅದರೊಳಗೆ ಹಾಕಿ, ಬೆಳಿಗ್ಗೆ ಬೇಕಾದ್ದನ್ನು ಹೊರಗೆ ಎಳೆದುಕೊಳ್ಳುತ್ತಿದ್ದರು. ಒಂದು ಅಧ್ಯಾಯವೂ ಪೂರ್ತಿಯಾಗಿದೆ ಎಂದು ಅವರಿಗೆ ಅನ್ನಿಸಿರಲಿಲ್ಲ. ಹಾಗಾಗಿ ಇಪ್ಪತ್ಮೂರೂ ಬುಟ್ಟಿಯಲ್ಲೇ ಇದ್ದವು.

"ಅಕ್ಕ, ಏನೂ ಮುಟ್ಟಬೇಡ, ಗೋಡೆಯಿಂದ ವೈರ್ ಕಿತ್ತುಬಿಡು ಅಂದೆ. ಹಿಟ್ಟು ಹಾಗೇ ಬಿಟ್ಟು ಓಡಿದೆ. ಅಷ್ಟು ವರ್ಷದಲ್ಲಿ ಅದೇ ಮೊದಲು." ಏಕೆ ಅಷ್ಟು ಅವಸರ ಎಂದು ಕೇಳಿದರೆ ಅವರು ಹೀಗೆ ವಿವರಿಸುತ್ತಾರೆ: "ಅಳಿಸಿದ್ದು ತಕ್ಷಣ ಹೋಗಲ್ಲ. ಮನೆ ಬಾಗಿಲ ಮೇಲಿನ ಹೆಸರು ಮಾತ್ರ ಕಿತ್ತ ಹಾಗೆ. ಸಾಮಾನು ಒಳಗೇ ಇರುತ್ತೆ, ಹೊಸಬರು ಬಂದು ಇಳಿಯೋವರೆಗೆ. ಯಾರೂ ಬರದ ಹಾಗೆ ನೋಡ್ಕೋಬೇಕು, ಅಷ್ಟೇ."

ಹಾರ್ಡ್ ಡಿಸ್ಕ್ ಕಳಚಿ ತಂದು ಇನ್ನೊಂದು ಕಂಪ್ಯೂಟರಿಗೆ ಜೋಡಿಸಿ, ದಿನಾ ಕೆಲಸ ಮುಗಿದ ಮೇಲೆ ಒಂಬತ್ತು ದಿನ ಅಗೆದರು. ಆ ಒಂಬತ್ತು ದಿನ ಮಿಕ್ಕ ಹದಿನಾರು ಮನೆಯ ಫೋನುಗಳನ್ನು ಎತ್ತಲಿಲ್ಲ. ಹತ್ತೊಂಬತ್ತು ಅಧ್ಯಾಯ ಸಿಕ್ಕಿದವು. ನಾಲ್ಕು ಸಿಗಲಿಲ್ಲ.

ಹಳೇ ಡಿಸ್ಕು, ಕೈಕೊಟ್ಟಿತು ಎಂದಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಇಡೀ ಕುಟುಂಬದಲ್ಲಿ ಅದನ್ನು ಪ್ರಶ್ನಿಸುವಷ್ಟು ತಿಳಿದವರು ಇರಲಿಲ್ಲ. ಈ ಹೆಂಗಸು ಭಾವನ ಮುಂದೆ ಹೋಗಿ ನಿಂತು, "ಅಳಿಸಿದ್ದು ನಾನೇ ಭಾವ. ಕೇಳದೆ ಮುಟ್ಟಿದೆ" ಎಂದರು. ಇದನ್ನು ಬರೆಯುವಾಗ ನನಗೆ ಅವರ ಮೇಲೆ ಬಂದ ಗೌರವವನ್ನು ಅಡಗಿಸಿಡಲು ಆಗುತ್ತಿಲ್ಲ. "ನಾನೇನೂ ಮಾಡಿಲ್ಲ" ಎಂಬ ಮಾತನ್ನು ದಿನಕ್ಕೆ ಐದು ಸಲ ಕೇಳುವವರು ಆ ಮಾತು ತಮ್ಮ ಬಾಯಿಗೆ ಬರಲು ಬಿಡಲಿಲ್ಲ.

ಭಾವ ಬೈಯಲಿಲ್ಲ. ಅದೇ ಹೆಚ್ಚು ನೋವಾಯಿತಂತೆ. ಅಂದಿನಿಂದ ಪ್ರತಿ ಭಾನುವಾರ ಚಿಕ್ಕಮ್ಮ ಅಲ್ಲಿಗೆ ಹೋಗುತ್ತಾರೆ. ಭಾವ ನೆನಪು ಮಾಡಿಕೊಂಡು ಹೇಳುತ್ತಾರೆ, ಇವರು ಟೈಪ್ ಮಾಡುತ್ತಾರೆ. ಬರೆದದ್ದನ್ನು ಈಗ ಮೂರು ಕಡೆ ಇಡುತ್ತಾರೆ. ಬೇರೆ ಮನೆಗಳಲ್ಲೂ ಬುಟ್ಟಿ ಖಾಲಿ ಮಾಡಿಸುವ ಮೊದಲು "ಇದರೊಳಗೆ ಏನಿಟ್ಟಿದ್ದೀರಿ?" ಎಂದು ಕೇಳುತ್ತಾರೆ. ಇದುವರೆಗೆ ಬೇರೆ ಯಾರೂ ಏನೂ ಇಟ್ಟಿರಲಿಲ್ಲ. ಆದರೂ ಕೇಳುತ್ತಾರೆ.

ಮೂರು ಅಧ್ಯಾಯ ಹೀಗೆ ಮರಳಿ ಬಂದವು. ನಾಲ್ಕನೆಯದು ಬೆನ್ನು ಹೊಲಿಯುವುದರ ಬಗ್ಗೆ, ಇಡೀ ಪುಸ್ತಕಕ್ಕೆ ಅದೇ ಜೀವಾಳ. ನಾನು ಅಲ್ಲಿಗೆ ಹೋದ ಭಾನುವಾರ ಅವರಿಬ್ಬರೂ ಅದರಲ್ಲೇ ಒದ್ದಾಡುತ್ತಿದ್ದಾರೆ. ಭಾವ ತಲೆಯಾಡಿಸುತ್ತಾರೆ. "ಕೈಗೆ ಗೊತ್ತಿತ್ತು. ಬಾಯಿಗೆ ಬರ್ತಿಲ್ಲ. ಮೊದಲ ಸಲ ಹೇಗೆ ಬರೆದೆನೋ! ಆಗ ಕೈ ಇಷ್ಟು ನಡುಗ್ತಿರಲಿಲ್ಲ, ಹೊಲಿದು ನೋಡಿ ನೋಡಿ ಬರೆದಿದ್ದೆ."

"ಹಾಗಾದ್ರೆ ನಾನು ಹೊಲೀತೀನಿ ಭಾವ. ತಪ್ಪಿದ ಕಡೆ ನಿಲ್ಲಿಸಿ" ಎನ್ನುತ್ತಾರೆ ಚಿಕ್ಕಮ್ಮ.

ಅಕ್ಕ ಸೂಜಿದಾರ ತಂದುಕೊಡುತ್ತಾರೆ. ಭಾವ ತಮ್ಮ ನಡುಗುವ ಕೈಗಳನ್ನು ಮಡಿಲಲ್ಲಿ ಒಂದರ ಮೇಲೊಂದು ಇಟ್ಟುಕೊಂಡು ಹೇಳುತ್ತಾರೆ. ಒಳಗಿಂದ ಹೊರಗೆ. ಅಲ್ಲ, ಕೆಳಗಿನ ತೂತು. ಎಳೀಬೇಡ, ತಾನಾಗಿ ಕೂರಲಿ. ಪ್ರತಿ ತಪ್ಪಿಗೂ ಒಂದು ಸಾಲು ಸಿಗುತ್ತದೆ, ಚಿಕ್ಕಮ್ಮ ಸೂಜಿ ಬಿಟ್ಟು ಅದನ್ನು ಟೈಪ್ ಮಾಡಿ ಮತ್ತೆ ಸೂಜಿ ಹಿಡಿಯುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಅಧ್ಯಾಯಕ್ಕೆ ಏಳು ಪುಟವಾಗಿದೆ, ಮೇಜಿನ ಮೇಲೆ ಸೊಟ್ಟಗೆ ಹೊಲಿದ ಪುಟ್ಟ ಪುಸ್ತಕವೊಂದಿದೆ.

ಭಾವ ಅದನ್ನು ತೆಗೆದುಕೊಂಡು, ನಡುಗುವ ಹೆಬ್ಬೆರಳಲ್ಲಿ ಬೆನ್ನು ಸವರಿ ನೋಡುತ್ತಾರೆ. ನಾನು ಹೊಗಳಿಕೆಯನ್ನು ಬರೆದುಕೊಳ್ಳಲು ಪೆನ್ನು ತೆರೆದು ಕೂತಿದ್ದೇನೆ.

"ಮೂರನೇ ಹೊಲಿಗೆ ಸಡಿಲ" ಎನ್ನುತ್ತ ಭಾವ ಅದನ್ನು ಚಿಕ್ಕಮ್ಮನ ಕೈಗೆ ಕೊಡುತ್ತಾರೆ. "ಬಿಚ್ಚು. ಮತ್ತೆ ಹಾಕು."

ಚಿಕ್ಕಮ್ಮನ ಮುಖ ಅರಳುತ್ತದೆ. ಸೂಜಿಗೆ ಹೊಸ ದಾರ ಪೋಣಿಸುತ್ತ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳುತ್ತಾರೆ:

"ಭಾವನ ಬೈಂಡಿಂಗ್ ಅಂಗಡೀಲಿ ಎಷ್ಟೋ ಜನ ಕಲಿಯೋಕೆ ಬಂದಿದ್ರಂತೆ. ಯಾರು ತಪ್ಪಿದ್ರೂ ಇವರು ಅವರ ಕೈಯಿಂದ ಕಿತ್ಕೊಂಡು ತಾವೇ ಹೊಲೀತಿದ್ರಂತೆ, ಅಕ್ಕ ಹೇಳ್ತಾಳೆ. ನನ್ನ ಕೈಗೇ ವಾಪಸ್ ಕೊಟ್ರು, ನೋಡಿದ್ರಲ್ಲ?"