ದಿಣ್ಣೆಯ ಆಚೆ ಯಾರಿದ್ದಾರೆ

ಪಕ್ಕದ ಸೈಟಿನಲ್ಲಿ ಮನೆ ಏಳುತ್ತಿದೆ. ಬೆಳಿಗ್ಗೆ ಹೊಸ ಗೋಡೆಗೆ ನೀರು ಹೊಡೆದಾಗ ಹಸಿ ಸಿಮೆಂಟಿನ ವಾಸನೆ ನಮ್ಮ ಅಡುಗೆಮನೆಗೂ ಬರುತ್ತದೆ. ನಿಮಗೆ ಆ ವಾಸನೆ ಇಷ್ಟವಿರಬಹುದು. ನನಗೆ ಎದೆ ಹೊಡೆದುಕೊಳ್ಳುತ್ತದೆ. ಕಾಫಿ ಲೋಟ ಕೆಳಗಿಟ್ಟು, ಹೆಂಡತಿ ಎಲ್ಲಿದ್ದಾಳೆಂದು ಒಮ್ಮೆ ನೋಡಿಕೊಂಡು ಬರುತ್ತೇನೆ.

ಇದಕ್ಕೆ ಕಾರಣ ಒಂದು ಸಾಫ್ಟ್‌ವೇರು ಎಂದರೆ ನೀವು ನಗುತ್ತೀರಿ. ತೊಂಬತ್ತರ ದಶಕದ ಕೊನೆಯ ಮಾತು. ನಾನು ಸಿ.ವಿ. ರಾಮನ್ ನಗರದ ಸಣ್ಣ ಕಂಪನಿಯೊಂದರಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಹಲಸೂರಿನ ಗೆಳೆಯ ಮೋಹನನಿಗೆ ರೈಫಲ್ ಶೂಟಿಂಗಿನ ಹುಚ್ಚು. ಭಾನುವಾರವಾದರೆ ಕೆ.ಆರ್. ಪುರ ದಾಟಿ ಹಳೆಯ ಮೈದಾನವೊಂದಕ್ಕೆ ಹೋಗಿ, ಆರುನೂರು ಗಜ ದೂರದ ಗುರಿಗೆ ಹೊಡೆಯುತ್ತಿದ್ದ. ಗುರಿಯ ಹಿಂದೆ ಗುಂಡು ತಡೆಯಲು ಎತ್ತರದ ಮಣ್ಣಿನ ದಿಣ್ಣೆ. ಒಂದು ದಿನ ಫ್ಲಾಪಿ ಹಿಡಿದು ಬಂದ.

"ಮಗಾ, ಗುಂಡು ಎಷ್ಟು ಕೆಳಗೆ ಬೀಳತ್ತೆ, ಗಾಳಿಗೆ ಎಷ್ಟು ಸರಿಯತ್ತೆ, ಎಲ್ಲಾ ಇದು ಹೇಳತ್ತಂತೆ. ನಂಗೆ ತಲೆಬುಡ ಗೊತ್ತಾಗ್ಲಿಲ್ಲ. ನೀನೇ ನೋಡು."

ದೀಪಾವಳಿಯ ಸರಪಟಾಕಿಗೆ ಕಿವಿ ಮುಚ್ಚಿಕೊಳ್ಳುವ ನಾನು ಹೀಗೆ ಬಂದೂಕಿನ ಸಲಹೆಗಾರನಾದೆ. ಆಫೀಸಿನ ಭಾರದ ಲ್ಯಾಪ್‌ಟಾಪ್ ಹೊತ್ತು, ಕಿವಿಗೆ ಹತ್ತಿ ತುರುಕಿಕೊಂಡು ಅವನ ಹಿಂದೆ ಕೂರುತ್ತಿದ್ದೆ. ಸುಳ್ಳೇಕೆ ಹೇಳಲಿ, ಪ್ರೋಗ್ರಾಮು ಚೆನ್ನಾಗಿಯೇ ಕೆಲಸ ಮಾಡಿತು. ಮೊದಲೆಲ್ಲ ಗುರಿ ಹೊಂದಿಸುವುದಕ್ಕೇ ಅರ್ಧ ಡಬ್ಬಿ ಗುಂಡು ದಂಡವಾಗುತ್ತಿತ್ತು. ಈಗ ಮೊದಲ ಏಟೇ ಕಪ್ಪು ವೃತ್ತದೊಳಗೆ. ಕ್ಲಬ್ಬಿನ ಹಿರಿಯರು ನನಗೂ ಟೀ ತರಿಸತೊಡಗಿದರು, ನಾನು ಸ್ವಲ್ಪ ಉಬ್ಬಿದೆ.

ಆ ಉಬ್ಬಿನಲ್ಲೇ ಒಂದು ಭಾನುವಾರ ಹೊಸ ಬುದ್ಧಿ ಬಂತು. ಗಾಳಿ ಎಷ್ಟು ದಟ್ಟವೆಂದು ಲೆಕ್ಕ ಹಾಕಲು ಅಷ್ಟು ದಿನ ಪ್ರೋಗ್ರಾಮಿಗೆ ಊರಿನ ಎತ್ತರವನ್ನಷ್ಟೇ ಕೊಡುತ್ತಿದ್ದೆ. ಅವತ್ತು ಅದನ್ನು ಅಳಿಸಿ, ಪೇಪರಿನ ಹವಾಮಾನ ವರದಿಯಲ್ಲಿದ್ದ ಗಾಳಿಯ ಒತ್ತಡದ ಅಂಕಿಯನ್ನು ತುಂಬಿದೆ. ಪೇಪರಿನವರು ಅದನ್ನು ಸಮುದ್ರಮಟ್ಟಕ್ಕೆ ಹೊಂದಿಸಿ ಹಾಕುತ್ತಾರೆಂದು ಯಾರಿಗೆ ಗೊತ್ತು? ನಾವು ಮದ್ರಾಸಿನ ಬೀಚಿನಲ್ಲಿದ್ದೇವೆಂದುಕೊಂಡ ಪ್ರೋಗ್ರಾಮು, ಅಲ್ಲಿಯ ದಟ್ಟ ಗಾಳಿಗೆ ತಕ್ಕಂತೆ ಬಂದೂಕಿನ ಮೂತಿಯನ್ನು ಎತ್ತಿಸಿತು. ಬೆಂಗಳೂರಿನ ತೆಳು ಗಾಳಿಯಲ್ಲಿ ಗುಂಡು ಮೇಲಕ್ಕೆ ಹೋಯಿತು.

ಗುರಿಯ ಕೆಳಗಿನ ಹಳ್ಳದಲ್ಲಿ ಕೂತು ಏಟು ಎಣಿಸುವ ಚಿನ್ನಪ್ಪ ಬಾವುಟ ಬೀಸಿದ. ಗುರಿಗೆ ಬಿದ್ದಿಲ್ಲ ಎಂದು ಅದರರ್ಥ. ದಿಣ್ಣೆಯ ಮೇಲೂ ಧೂಳು ಏಳಲಿಲ್ಲ. ಹಾಗಾದರೆ ಗುಂಡು ದಿಣ್ಣೆ ದಾಟಿ ಹೋಯಿತೇ? ನಾನು ಸುಮ್ಮನಿರಲಾರದೆ ಪ್ರೋಗ್ರಾಮಿನಲ್ಲಿ ದೂರವನ್ನು ತುಂಬುವ ಜಾಗದಲ್ಲಿ ದೊಡ್ಡ ಸಂಖ್ಯೆ ಕೊಟ್ಟೆ. ಗುಂಡಿಗೆ ಇನ್ನೂ ವೇಗವಿತ್ತು. ಇನ್ನೂ ದೊಡ್ಡದು ಕೊಟ್ಟೆ. ಆಗಲೂ ಇತ್ತು. ಅಷ್ಟು ದೂರದಲ್ಲಿ ಏನಿದೆ, ಹೊಲವೋ ಮನೆಯೋ, ಅದಕ್ಕೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಫೈರಿಂಗ್ ನಿಲ್ಲಿಸಿ ಎಲ್ಲರೂ ಆ ಕಡೆ ನಡೆದೆವು. ನಾನು ಮೊದಲ ಸಲ ದಿಣ್ಣೆ ಹತ್ತಿದೆ. ಆಚೆಗೆ ಒಂದು ಹೊಸ ಬಡಾವಣೆ, ಅರ್ಧಂಬರ್ಧ ಎದ್ದ ಮನೆಗಳು, ನೀಲಿ ನೀರಿನ ಡ್ರಮ್ಮು. ಆ ಡ್ರಮ್ಮು ನಮ್ಮದು. ಆಗ ನಾವು ಮನೆ ಕಟ್ಟಿಸುತ್ತಿದ್ದ ಸೈಟಿಗೆ ಸುತ್ತುಬಳಸಿ ಬೇರೆ ರಸ್ತೆಯಲ್ಲಿ ಹೋಗುತ್ತಿದ್ದೆವು, ಅದು ಈ ದಿಣ್ಣೆಯ ಬೆನ್ನಿಗೇ ಇದೆಯೆಂದು ನನಗೆ ಹೊಳೆದೇ ಇರಲಿಲ್ಲ. ಬಸುರಿ ಹೆಂಡತಿ ಸುಧಾ ಬೆಳಿಗ್ಗೆಯೇ ಗೋಡೆಗೆ ನೀರು ಹಾಕಲು ಹೋಗಿದ್ದಳು. ಪೈಪು ನೆಲದ ಮೇಲೆ ಬಿದ್ದು ನೀರು ಸುಮ್ಮನೆ ಹರಿಯುತ್ತಿತ್ತು. ಅವಳು ಕಾಣಲಿಲ್ಲ.

ಅಷ್ಟು ಹೆದರಿಕೆ ನನಗೆ ಹಿಂದೆಯೂ ಆಗಿರಲಿಲ್ಲ, ಮುಂದೆಯೂ ಆಗಿಲ್ಲ. ಆಮೇಲೆ ಗೋಡೆಯ ಹಿಂದಿನಿಂದ ಅವಳು ಸೊಂಟ ಹಿಡಿದುಕೊಂಡು ಎದ್ದಳು, ಪೈಪು ತೆಗೆದುಕೊಂಡಳು.

"ಇಲ್ಲೈತೆ ಸಾರ್," ಎಂದ ಕೆಳಗಿನಿಂದ ಚಿನ್ನಪ್ಪ. ಗುಂಡು ದಿಣ್ಣೆಯಲ್ಲೇ ಹೂತಿತ್ತು. ರಾತ್ರಿಯ ಮಳೆಗೆ ಮಣ್ಣು ನೆನೆದಿದ್ದರಿಂದ ಧೂಳು ಎದ್ದಿರಲಿಲ್ಲ, ಅಷ್ಟೇ. "ನೋಡ್ದ್ಯಾ, ಏನೂ ಆಗಿಲ್ಲ," ಎಂದು ಮೋಹನ ನಕ್ಕ. ಆ ನಗುವನ್ನು ನಾನು ಕ್ಷಮಿಸಲಿಲ್ಲ. ಆಮೇಲೆ ಅವನ ಜೊತೆ ಹೋಗಲೂ ಇಲ್ಲ. ಕೆಲವು ವರ್ಷಕ್ಕೆ ಆ ಮೈದಾನವೂ ಮುಚ್ಚಿತು.

ಮೊನ್ನೆ ಮೋಹನನೇ ಫೋನ್ ಮಾಡಿದ್ದ. ಈಗ ಬೇರೆ ಊರಿನ ಮೈದಾನಕ್ಕೆ ಹೋಗುತ್ತಾನಂತೆ. "ಈಗ ಆ ಲೆಕ್ಕ ಎಲ್ಲಾ ಮೊಬೈಲಲ್ಲೇ ಬರತ್ತೆ ಗುರು. ಭೂಮಿ ತಿರುಗೋದನ್ನೂ ಲೆಕ್ಕ ಹಾಕತ್ತೆ."

"ದಿಣ್ಣೆ ಆಚೆ ಯಾರಿದಾರೆ ಅಂತ ಹೇಳತ್ತಾ?" ಎಂದೆ, ಚುಚ್ಚಬೇಕೆಂದೇ.

"ಇಲ್ಲ. ಅದಕ್ಕೇ ಪ್ರತಿ ಸಲ ನಾನೇ ಮೊದ್ಲು ಹತ್ತಿ ನೋಡಿ ಬರ್ತೀನಿ. ಅವತ್ತಿಂದ. ಈಗ ಮಂಡಿ ನೋವು, ಹತ್ತೋಕಾಗ್ತಿಲ್ಲ. ಹತ್ತದೆ ಹೊಡಿಯೋಕೆ ಮನಸ್ಸು ಬರಲ್ಲ ಕಣೋ."

ಭಾನುವಾರ ಬರುತ್ತೇನೆ, ದಿಣ್ಣೆ ನಾನು ಹತ್ತುತ್ತೇನೆ ಎಂದೆ.